ಐವತ್ತು ಕಾರುಗಳ ನಿಯಮ: 1969ರ ಝಡ್‌ಎಲ್-1 ಕ್ಯಾಮರೋ ಪ್ರಕರಣ

1968ರ ಡಿಸೆಂಬರ್ 31ರಂದು ಅಮೆರಿಕದ ಇಲಿನಾಯ್ ರಾಜ್ಯದ ಲಾ ಹಾರ್ಪ್ ಎಂಬ ಪುಟ್ಟ ಊರಿನ ಷೆವ್ರೊಲೆ ಡೀಲರ್ ಫ್ರೆಡ್ ಗಿಬ್ ಅವರಿಗೆ ಎರಡು ಹೊಸ ಕ್ಯಾಮರೋ ಕಾರುಗಳು ತಲುಪಿದವು. ಹೊರಗಿನಿಂದ ನೋಡಿದರೆ ಅವು ಅಗ್ಗದ ಕ್ಯಾಮರೋಗಳಂತೆಯೇ ಇದ್ದವು; ಎಂಜಿನ್ನಿನ ಹೆಸರು ಹೇಳುವ ಒಂದು ಲಾಂಛನವೂ ಅವುಗಳ ಮೈಮೇಲೆ ಇರಲಿಲ್ಲ, ಚಕ್ರಗಳು ಸಾದಾ ಉಕ್ಕಿನವು. ಬಾನೆಟ್ಟಿನ ಕೆಳಗೆ ಮಾತ್ರ ಪೂರ್ತಿ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದ 427 ಘನ ಅಂಗುಲದ, ಅಂದರೆ ಸುಮಾರು 7 ಲೀಟರಿನ, ಝಡ್‌ಎಲ್-1 ಎಂಬ ರೇಸಿಂಗ್ ಎಂಜಿನ್ ಇತ್ತು. ಇಂಥ ಇನ್ನೂ 48 ಕಾರುಗಳು ಅವರ ಹೆಸರಿನಲ್ಲೇ ಬರುವುದಿತ್ತು. ಕೃಷಿಯನ್ನು ನಂಬಿದ್ದ ಒಂದು ಸಣ್ಣ ಊರಿನ ವ್ಯಾಪಾರಿ ಐವತ್ತು ರೇಸಿಂಗ್ ಕಾರುಗಳಿಗೆ ಆರ್ಡರ್ ಕೊಟ್ಟದ್ದಕ್ಕೆ ಕಾರಣ ಗಿರಾಕಿಗಳ ಬೇಡಿಕೆಯಲ್ಲ, ರೇಸಿಂಗ್ ಸಂಸ್ಥೆಯೊಂದರ ನಿಯಮ ಪುಸ್ತಕದಲ್ಲಿದ್ದ ಒಂದು ಸಂಖ್ಯೆ.

ಆ ಸಂಖ್ಯೆ ಏನನ್ನು ಸಾಬೀತು ಮಾಡಬೇಕಿತ್ತು, ನಿಜವಾಗಿ ಏನನ್ನು ಸಾಬೀತು ಮಾಡಿತು ಎಂಬುದನ್ನು ಈ ಒಂದೇ ಪ್ರಕರಣವನ್ನು ಹಿಡಿದು ಪರಿಶೀಲಿಸುವುದು ಈ ಬರಹದ ಉದ್ದೇಶ. ಶೋರೂಮಿನ ಕಾರುಗಳಿಗೆ ಮೀಸಲಾದ ಸ್ಟಾಕ್ ವರ್ಗದ ಡ್ರ್ಯಾಗ್ ರೇಸಿಂಗ್‌ನಲ್ಲಿ ‘ಇದು ಕಾರ್ಖಾನೆಯೇ ಕೊಟ್ಟ ಆಪ್ಷನ್ (ಗ್ರಾಹಕರು ಆಯ್ದುಕೊಳ್ಳಬಹುದಾದ ಸಜ್ಜಿಕೆ) ಹೌದೋ ಅಲ್ಲವೋ’ ಎಂಬ ಜಗಳ ಇಂದಿಗೂ ನಿಂತಿಲ್ಲ, ಮತ್ತು ಅದರ ಬಹುಪಾಲು ಎಳೆಗಳು ಝಡ್‌ಎಲ್-1ರ ಕಥೆಯೊಳಗೇ ಇವೆ.

ನಿಯಮ ಹುಟ್ಟಿದ್ದು ಏಕೆ

ಡ್ರ್ಯಾಗ್ ರೇಸ್ ಎಂದರೆ ಕಾಲು ಮೈಲಿಯ, ಸುಮಾರು 402 ಮೀಟರಿನ ನೇರ ಹಾದಿಯಲ್ಲಿ ಎರಡು ವಾಹನಗಳು ನಿಂತ ಜಾಗದಿಂದ ಹೊರಟು ಗುರಿ ಮುಟ್ಟುವ ಸ್ಪರ್ಧೆ. ವಾಲಿ ಪಾರ್ಕ್ಸ್ 1951ರಲ್ಲಿ ಸ್ಥಾಪಿಸಿದ ಎನ್‌ಎಚ್‌ಆರ್‌ಎ ಅಮೆರಿಕದಲ್ಲಿ ಈ ಕ್ರೀಡೆಯ ಪ್ರಮುಖ ಸಂಸ್ಥೆ. ಅದರ ಸ್ಟಾಕ್ ಮತ್ತು ಸೂಪರ್ ಸ್ಟಾಕ್ ವಿಭಾಗಗಳು ಶೋರೂಮಿನಲ್ಲಿ ಸಿಗುವ ಕಾರುಗಳಿಗಾಗಿ ಇರುವಂಥವು. ಕಾರಿನ ತೂಕವನ್ನು ಅದರ ಅಶ್ವಶಕ್ತಿಯಿಂದ ಭಾಗಿಸಿದಾಗ ಬರುವ ಅಂಕಿಯ ಮೇಲೆ ಅದು ಯಾವ ವರ್ಗಕ್ಕೆ ಸೇರಬೇಕೆಂಬುದು ತೀರ್ಮಾನವಾಗುತ್ತದೆ. ಬಡ ಮೆಕ್ಯಾನಿಕ್ಕನೊಬ್ಬನ ಹಳೆಯ ಸೆಡಾನ್ ಕೂಡ ತನ್ನ ಸರಿಸಮಾನರ ನಡುವೆ ಗೆಲ್ಲಲು ಸಾಧ್ಯವಾಗಬೇಕೆಂಬ ನ್ಯಾಯದ ಕಲ್ಪನೆ ಇದರ ಹಿಂದಿದೆ, ಮತ್ತು ಈ ಕ್ರೀಡೆಯ ಅತ್ಯಂತ ಗೌರವಾರ್ಹ ಭಾಗ ಅದೇ ಎಂದು ನಾನು ನಂಬಿದ್ದೇನೆ.

ತೊಡಕು ಇರುವುದು ಆ ಭಾಗಾಕಾರದ ಎರಡೂ ಅಂಕಿಗಳ ಮೂಲದಲ್ಲಿ. ತೂಕವೂ ಅಶ್ವಶಕ್ತಿಯೂ ಮೊದಲಿಗೆ ಬರುವುದು ಕಾರು ತಯಾರಿಸುವ ಕಂಪನಿಯ ಕಾಗದಪತ್ರಗಳಿಂದ. ಕಂಪನಿ ತನ್ನ ಎಂಜಿನ್ನಿನ ಶಕ್ತಿಯನ್ನು ಕಡಿಮೆ ಬರೆದುಕೊಂಡರೆ ಅದರ ಕಾರು ಸುಲಭದ ವರ್ಗಕ್ಕೆ ಇಳಿಯುತ್ತದೆ. ಯಾರೂ ಕೊಳ್ಳದ ಹಗುರ ಬಾಗಿಲು, ದೊಡ್ಡ ಕಾರ್ಬ್ಯುರೇಟರ್, ವಿಶೇಷ ಸಿಲಿಂಡರ್ ಹೆಡ್ ಇವುಗಳನ್ನು ಬಿಡಿಭಾಗಗಳ ಪಟ್ಟಿಯಲ್ಲಿ ಒಂದು ಸಾಲು ಬರೆದು ‘ಇದೂ ನಮ್ಮ ಆಪ್ಷನ್’ ಎಂದು ಹೇಳಿಬಿಟ್ಟರೆ, ಶೋರೂಮಿನಿಂದ ಕಾರು ಕೊಂಡ ಸಾಮಾನ್ಯ ಸ್ಪರ್ಧಿ ತಾನು ಎಂದೂ ಕೊಳ್ಳಲಾಗದ ಯಂತ್ರದ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆ. 1960ರ ದಶಕದ ಆರಂಭದಲ್ಲಿ ಡೆಟ್ರಾಯಿಟಿನ ಕಂಪನಿಗಳು ಇದನ್ನೇ ಮಾಡತೊಡಗಿದ್ದವು.

ಅದಕ್ಕೆ ಸಂಸ್ಥೆ ಕಂಡುಕೊಂಡ ಉತ್ತರವೇ ಕನಿಷ್ಠ ಉತ್ಪಾದನೆಯ ನಿಯಮ. ನಿಗದಿತ ಸಂಖ್ಯೆಯ ಕಾರುಗಳು ಅದೇ ಸಜ್ಜಿಕೆಯಲ್ಲಿ ಕಾರ್ಖಾನೆಯಿಂದ ಹೊರಬಂದಿದ್ದರೆ ಮಾತ್ರ ಅದು ನಿಜವಾದ ಆಪ್ಷನ್ ಎಂದು ಪರಿಗಣನೆಯಾಗುತ್ತಿತ್ತು. ಫೋರ್ಡ್ 1964ರಲ್ಲಿ ಫೇರ್‌ಲೇನ್ ಕಾರಿಗೆ 427 ಎಂಜಿನ್ ತುರುಕಿ ತಯಾರಿಸಿದ ಥಂಡರ್‌ಬೋಲ್ಟ್ ಕಾರುಗಳು 100. 1967ರಲ್ಲಿ ಕ್ರೈಸ್ಲರ್ ಕಂಪನಿ ಹೆಮಿ ಎಂಬ ತನ್ನ ಶಕ್ತಿಶಾಲಿ ಎಂಜಿನ್ ಕೂರಿಸಿದ ಪ್ಲಿಮತ್ ಬೆಲ್ವೆಡೀರ್ ಮತ್ತು ಡಾಜ್ ಕೊರೊನೆಟ್‌ಗಳನ್ನು ತಲಾ 55ರಂತೆ ತಯಾರಿಸಿತು. 55 ಎಂಬ ಅಂಕಿಯೇ ಎಲ್ಲವನ್ನೂ ಹೇಳುತ್ತದೆ: ಆ ವೇಳೆಗೆ ಬೇಕಿದ್ದದ್ದು 50, ಕೈಯಲ್ಲಿ ಸ್ವಲ್ಪ ಹೆಚ್ಚಿಗೆ ಇರಲಿ ಎಂದು ಐದು. ಮಾರುಕಟ್ಟೆಯನ್ನು ನೋಡಿ ಕಾರು ತಯಾರಿಸುವ ಬದಲು ನಿಯಮವನ್ನು ನೋಡಿ ಕಾರು ತಯಾರಿಸುವ ಪದ್ಧತಿ ಆಗಲೇ ನೆಲೆಯೂರಿತ್ತು.

ಗಿಬ್, ಪಿಗಿನ್ಸ್ ಮತ್ತು ಕೋಪೋ

ಷೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್‌ನ ಪರಿಸ್ಥಿತಿ ಮಿಕ್ಕ ಎರಡು ಕಂಪನಿಗಳಿಗಿಂತ ಬೇರೆಯಾಗಿತ್ತು. 1963ರ ಆರಂಭದಲ್ಲೇ ಅದು ತನ್ನ ವಿಭಾಗಗಳು ರೇಸಿಂಗ್‌ಗೆ ನೇರ ಬೆಂಬಲ ಕೊಡಬಾರದೆಂದು ಆದೇಶಿಸಿತ್ತು. ಅದರ ಜೊತೆಗೆ ಕ್ಯಾಮರೋದಂಥ ಕಾರುಗಳಿಗೆ 400 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಹಾಕಕೂಡದೆಂಬ ಒಳನಿಯಮವೂ ಇತ್ತು. ಷೆವ್ರೊಲೆಯಲ್ಲಿ ಹೆಚ್ಚಿನ ಸಾಮರ್ಥ್ಯದ ಕಾರುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ವಿನ್ಸ್ ಪಿಗಿನ್ಸ್ ಈ ಎರಡು ಗೋಡೆಗಳ ನಡುವೆ ಒಂದು ಕಿಂಡಿಯನ್ನು ಗುರುತಿಸಿದರು. ಪೊಲೀಸ್ ಇಲಾಖೆ, ಟ್ಯಾಕ್ಸಿ ಕಂಪನಿ, ನಗರಸಭೆಗಳಂಥ ದೊಡ್ಡ ಗ್ರಾಹಕರು ಕೇಳುವ ವಿಶೇಷ ಬಣ್ಣ, ಗಟ್ಟಿ ಸಸ್ಪೆನ್ಷನ್ ಮುಂತಾದವನ್ನು ಪೂರೈಸಲು ಇದ್ದ ಕೇಂದ್ರ ಕಚೇರಿಯ ಆರ್ಡರ್ ವ್ಯವಸ್ಥೆಯೇ ಆ ಕಿಂಡಿ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಎಲ್ಲರೂ ಅದನ್ನು ಕೋಪೋ ಎಂದು ಕರೆಯುತ್ತಿದ್ದರು. ಈ ದಾರಿಯಿಂದ ಬಂದ ಆರ್ಡರು ಸಾರ್ವಜನಿಕ ಕೈಪಿಡಿಯಲ್ಲಿ ಇರಬೇಕಾಗಿರಲಿಲ್ಲ, ಆದರೂ ಕಾರು ಮಾತ್ರ ಮಾಮೂಲಿ ಜೋಡಣಾ ಸಾಲಿನಲ್ಲೇ ತಯಾರಾಗಿ ಬರುತ್ತಿತ್ತು.

ಗಿಬ್ ಅವರಿಗೆ ಈ ಹಾದಿ ಹೊಸದಲ್ಲ. ಅವರು ತಮ್ಮ ಸೇಲ್ಸ್‌ಮನ್ ಹರ್ಬ್ ಫಾಕ್ಸ್ ಜೊತೆಗೂಡಿ ಝಡ್-28 ಕ್ಯಾಮರೋವೊಂದನ್ನು ರೇಸಿಗೆ ಇಳಿಸಿದ್ದರು. 1968ರಲ್ಲಿ 396 ಘನ ಅಂಗುಲದ, 375 ಅಶ್ವಶಕ್ತಿಯ ಎಂಜಿನ್ನಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜೋಡಿಸಿದ 50 ನೋವಾ ಕಾರುಗಳನ್ನು ಇದೇ ಕೋಪೋ ಮೂಲಕ ತರಿಸಿಕೊಂಡಿದ್ದರು. ಆ ಜೋಡಣೆ ಸಾಮಾನ್ಯ ಆಪ್ಷನ್ ಪಟ್ಟಿಯಲ್ಲಿ ಇರಲಿಲ್ಲ. 50 ಕಾರುಗಳು ತಯಾರಾದ ಮೇಲೆ ಅದು ಅರ್ಹವಾಯಿತು. ಆ ಕಾರುಗಳು ಕೊಳ್ಳುವವರ ಕೈಗೆಟುಕುವ ಬೆಲೆಯಲ್ಲಿದ್ದವು. ಹಾಗಾಗಿ ನಿಯಮ, ವ್ಯಾಪಾರ ಎರಡೂ ಒಂದೇ ದಿಕ್ಕಿನಲ್ಲಿ ನಡೆದವು, ಮತ್ತು ಯಾರಿಗೂ ನಿಯಮದ ದೋಷ ಕಾಣಿಸಲಿಲ್ಲ.

ಆ ಯಶಸ್ಸಿನ ಬೆನ್ನಿಗೇ ಝಡ್‌ಎಲ್-1 ಪ್ರಸ್ತಾಪ ಬಂದದ್ದು. 50 ಕಾರುಗಳಿಗೆ ಆರ್ಡರ್ ಕೊಡುವವರಿದ್ದರೆ ಷೆವ್ರೊಲೆ ಅಲ್ಯೂಮಿನಿಯಂ ಎಂಜಿನ್ನಿನ ಕ್ಯಾಮರೋ ತಯಾರಿಸಲು ಸಿದ್ಧ ಎಂಬ ಮಾತಿಗೆ ಗಿಬ್ ಒಪ್ಪಿದರು. ಕೋಪೋ 9560 ಎಂಬುದು ಆ ಆರ್ಡರಿನ ಸಂಖ್ಯೆ.

ಎಂಜಿನ್ ಮತ್ತು ಬೆಲೆ

ಈ ಎಂಜಿನ್ನಿನ ಬೇರು ಇರುವುದು ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆಯುತ್ತಿದ್ದ ಕ್ಯಾನ್-ಆಮ್ ಸರಣಿಯ ರೇಸಿಂಗ್ ಕಾರುಗಳಲ್ಲಿ. ನ್ಯೂಯಾರ್ಕ್ ರಾಜ್ಯದ ಟೊನಾವಾಂಡಾ ಎಂಜಿನ್ ಕಾರ್ಖಾನೆಯಲ್ಲಿ ಇದನ್ನು ಕೈಯಿಂದಲೇ, ವಿಶೇಷ ಎಚ್ಚರಿಕೆಯಿಂದ ಜೋಡಿಸಲಾಗುತ್ತಿತ್ತು. ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕ್ ಅಲ್ಯೂಮಿನಿಯಂನದು, ಅದರ ಸಿಲಿಂಡರುಗಳೊಳಗೆ ಕಬ್ಬಿಣದ ಸ್ಲೀವ್‌ಗಳು, ಅಂದರೆ ಒಳಕೊಳವೆಗಳು, ಹೆಡ್‌ಗಳೂ ಅಲ್ಯೂಮಿನಿಯಂ. ಕಬ್ಬಿಣದ ಬ್ಲಾಕ್ ಇದ್ದ ಅದೇ ಅಳತೆಯ ಎಲ್-88 ಎಂಜಿನ್ನಿಗಿಂತ ಇದು ಸುಮಾರು 100 ಪೌಂಡ್ ಹಗುರ. ಕಾರಿನ ಒಟ್ಟು ತೂಕವನ್ನು ವರ್ಗದ ನಿಯಮವೇ ಕಟ್ಟಿಹಾಕಿದ ಮೇಲೆ ಹಗುರ ಎಂಜಿನ್ನಿಂದ ಏನು ಲಾಭ ಎಂಬ ಪ್ರಶ್ನೆ ಓದುಗರಿಗೆ ಬರಬಹುದು. ಲಾಭ ಇರುವುದು ತೂಕದ ಹಂಚಿಕೆಯಲ್ಲಿ. ಮುಂದಿನ ಚಕ್ರಗಳ ಮೇಲಿನ ಹೊರೆ ಇಳಿದಷ್ಟೂ ಕಾರಿನ ಭಾರದಲ್ಲಿ ಹಿಂದಿನ ಚಕ್ರಗಳ ಪಾಲು ಹೆಚ್ಚುತ್ತದೆ; ಹಿಂದಿನ ಚಕ್ರಗಳು ನೆಲವನ್ನು ಕಚ್ಚಿ ಹಿಡಿಯುವ ಬಲದ ಮೇಲೆಯೇ ಡ್ರ್ಯಾಗ್ ರೇಸಿನ ಮೊದಲ ಕೆಲವು ಮೀಟರುಗಳ ಗೆಲುವು ನಿಂತಿದೆ.

ಕಂಪನಿ ಈ ಎಂಜಿನ್ನಿಗೆ ಘೋಷಿಸಿದ ಶಕ್ತಿ 430 ಅಶ್ವಶಕ್ತಿ. ನಿಜದಲ್ಲಿ ಅದು 500ನ್ನು ದಾಟುತ್ತಿತ್ತು. ಅದೇ ವರ್ಷ ಕೋಪೋ 9561 ಎಂಬ ಸಂಖ್ಯೆಯಲ್ಲಿ ಕಬ್ಬಿಣದ 427 ಎಂಜಿನ್ನಿನ ಕ್ಯಾಮರೋ ಕೂಡ ಸಿಗುತ್ತಿತ್ತು. ಅದರ ಘೋಷಿತ ಶಕ್ತಿ 425. ಕಾಗದದ ಮೇಲೆ ಎರಡರ ನಡುವಿನ ಅಂತರ ಬರೀ 5 ಅಶ್ವಶಕ್ತಿ. ಬೆಲೆಯಲ್ಲಿ ಮಾತ್ರ ಅಜಗಜಾಂತರ: ಕಬ್ಬಿಣದ ಎಂಜಿನ್ನಿಗೆ ಹೆಚ್ಚುವರಿಯಾಗಿ ಸುಮಾರು 490 ಡಾಲರ್ ಕೊಟ್ಟರೆ ಸಾಕಾಗಿತ್ತು, ಝಡ್‌ಎಲ್-1 ಆಪ್ಷನ್ ಒಂದಕ್ಕೇ 4,160 ಡಾಲರ್. ಇದು ಆಪ್ಷನ್ ಹೇರಬೇಕಿದ್ದ ಕಾರಿನ ಮೂಲ ಬೆಲೆಗಿಂತಲೂ ಹೆಚ್ಚು.

ಗಿಬ್ ಅಂದಾಜು ಮಾಡಿಕೊಂಡಿದ್ದು ಕಾರೊಂದಕ್ಕೆ 5,000 ಡಾಲರಿಗಿಂತ ಕಡಿಮೆಯಾಗಬಹುದೆಂದು. ಅವರ ಕೈಗೆ ಬಂದ ಬಿಲ್ಲುಗಳಲ್ಲಿ ಇದ್ದದ್ದು 7,200 ಡಾಲರಿನ ಆಸುಪಾಸಿನ ಮೊತ್ತ. ವಿಶೇಷ ಎಂಜಿನ್ನಿಗೆ ತಗುಲಿದ ವೆಚ್ಚವನ್ನು ಬೇರೆ ಲೆಕ್ಕಕ್ಕೆ ಹಾಕದೆ ಆ ಕಾರುಗಳ ಬೆಲೆಯೊಳಗೇ ಸೇರಿಸಲಾಗಿತ್ತು. ಅದೇ ವರ್ಷ ಷೆವ್ರೊಲೆಯ ಹೆಮ್ಮೆಯ ಕಾರ್ವೆಟ್ ಕೂಡ 5,000 ಡಾಲರಿನ ಒಳಗಿನ ಮೂಲ ಬೆಲೆಗೆ ಸಿಗುತ್ತಿತ್ತೆಂಬುದನ್ನು ನೆನೆದರೆ, ಹೊರನೋಟಕ್ಕೆ ಸಾದಾ ಆಗಿದ್ದ ಕ್ಯಾಮರೋವನ್ನು ಆ ಮೊತ್ತಕ್ಕೆ ಮಾರುವುದು ಎಷ್ಟು ಕಷ್ಟವಾಗಿರಬೇಕೆಂದು ಊಹಿಸಬಹುದು.

ಅವರಿಗೆ ಮಾರಲು ಸಾಧ್ಯವಾದದ್ದು 13 ಕಾರುಗಳು ಮಾತ್ರ. ಉಳಿದ 37ನ್ನು ಜನರಲ್ ಮೋಟರ್ಸ್ ಹಿಂದಕ್ಕೆ ತೆಗೆದುಕೊಂಡು ಬೇರೆ ಬೇರೆ ಡೀಲರುಗಳಿಗೆ ಹಂಚಬೇಕಾಯಿತು. ಕಂಪನಿ ಹೀಗೆ ಕಾರುಗಳನ್ನು ವಾಪಸು ಪಡೆಯುವುದು ತೀರ ಅಪರೂಪದ ಸಂಗತಿ. ಇತರ ಡೀಲರುಗಳು ತಾವಾಗಿಯೇ ಇನ್ನೂ 19 ಕಾರುಗಳಿಗೆ ಆರ್ಡರ್ ಕೊಟ್ಟಿದ್ದರಿಂದ ಒಟ್ಟು ಸಂಖ್ಯೆ 69ಕ್ಕೆ ಮುಟ್ಟಿತು. ಎಲ್ಲವೂ ಓಹಾಯೊ ರಾಜ್ಯದ ನಾರ್‌ವುಡ್ ಕಾರ್ಖಾನೆಯಲ್ಲಿ ತಯಾರಾದವು. ಕೆಲವು ಕಾರುಗಳಿಗೆ ಕೊಳ್ಳುವವರು ಸಿಕ್ಕಿದ್ದು 1970ರ ದಶಕ ಹುಟ್ಟಿದ ಮೇಲೆ. ಇನ್ನು ಕೆಲವಕ್ಕೆ ಅವುಗಳ ಎಂಜಿನ್ನನ್ನೇ ಬಿಚ್ಚಿ, ಅಗ್ಗದ ಎಂಜಿನ್ ಕೂರಿಸಿ ಮಾರಿದ್ದೂ ಉಂಟು.

ರೇಸಿಂಗ್‌ನಲ್ಲಿ ಕಾರು ತಾನು ಮಾಡಬೇಕಾದ್ದನ್ನು ಮಾಡಿತು. ಮೊದಲ ಕಾರನ್ನು ಕ್ಯಾನ್ಸಸ್ ಸಿಟಿಯಲ್ಲಿದ್ದ ಡ್ರ್ಯಾಗ್ ರೇಸರ್ ಡಿಕ್ ಹ್ಯಾರೆಲ್ ಅವರ ಗ್ಯಾರೇಜಿಗೆ ಕಳುಹಿಸಿ ಸಜ್ಜುಗೊಳಿಸಲಾಯಿತು. 1969ರ ಆರಂಭದಲ್ಲಿ ಫೀನಿಕ್ಸ್‌ನಲ್ಲಿ ನಡೆದ, ಎನ್‌ಎಚ್‌ಆರ್‌ಎಗೆ ಪ್ರತಿಸ್ಪರ್ಧಿಯಾಗಿದ್ದ ಎಎಚ್‌ಆರ್‌ಎ ಸಂಸ್ಥೆಯ ಚಳಿಗಾಲದ ಸ್ಪರ್ಧೆಯಲ್ಲಿ ಹರ್ಬ್ ಫಾಕ್ಸ್ ಅದನ್ನು ಓಡಿಸಿದರು.

ನಿಯಮಕ್ಕೆ ಸಿಕ್ಕ ಉತ್ತರ, ಸಿಗದ ಉತ್ತರ

ನಿಯಮದ ಅಕ್ಷರವನ್ನು ಹಿಡಿದು ನೋಡಿದರೆ ಝಡ್‌ಎಲ್-1 ಕ್ಯಾಮರೋದ ಅರ್ಹತೆಯ ಬಗ್ಗೆ ತಕರಾರಿಗೆ ಆಸ್ಪದವಿಲ್ಲ. 50 ಬೇಕಿತ್ತು, 69 ತಯಾರಾದವು. ಅವು ಮಾಮೂಲಿ ಕಾರ್ಖಾನೆಯ ಮಾಮೂಲಿ ಸಾಲಿನಿಂದ ಬಂದವು, ರಸ್ತೆಯ ಮೇಲೆ ಓಡಿಸಲು ನೋಂದಾಯಿಸಬಹುದಾಗಿತ್ತು, ಯಾವ ಗ್ರಾಹಕನೂ ದುಡ್ಡು ಕೊಟ್ಟು ಒಯ್ಯಬಹುದಾಗಿತ್ತು. ಇದಕ್ಕೆ ಹೋಲಿಸಿದರೆ ಕ್ರೈಸ್ಲರ್ 1968ರಲ್ಲಿ ಹರ್ಸ್ಟ್ ಕಂಪನಿಯ ನೆರವಿನಿಂದ ತಯಾರಿಸಿದ ಹೆಮಿ ಡಾರ್ಟ್ ಮತ್ತು ಬ್ಯಾರಾಕುಡಾಗಳ ಸ್ಥಿತಿ ಹೆಚ್ಚು ದುರ್ಬಲ. ಆ ಕಾರುಗಳ ಮೇಲೆ ‘ಇವು ಸಾರ್ವಜನಿಕ ರಸ್ತೆಗಳ ಬಳಕೆಗಾಗಿ ತಯಾರಾದವಲ್ಲ’ ಎಂಬ ಅರ್ಥದ ಚೀಟಿಯನ್ನು ಕಂಪನಿಯೇ ಅಂಟಿಸಿತ್ತು. ರಸ್ತೆಗೆ ಇಳಿಯಬಾರದ ಕಾರನ್ನು ಶೋರೂಮಿನ ಕಾರೆಂದು ಕರೆಯುವುದಕ್ಕಿಂತ ಝಡ್‌ಎಲ್-1ನ್ನು ಹಾಗೆ ಕರೆಯುವುದು ನ್ಯಾಯಕ್ಕೆ ಹತ್ತಿರ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೂ ನಿಯಮ ಹುಟ್ಟಿದ ಉದ್ದೇಶವನ್ನು ಹಿಡಿದು ನೋಡಿದಾಗ ಚಿತ್ರ ಬದಲಾಗುತ್ತದೆ. ಕನಿಷ್ಠ ಉತ್ಪಾದನೆಯ ಲೆಕ್ಕ ಕೇಳುವುದರ ಹಿಂದೆ ಹೇಳದೇ ಉಳಿದ ಒಂದು ಊಹೆ ಇದೆ: ಇಷ್ಟು ಕಾರುಗಳು ತಯಾರಾಗಿವೆ ಎಂದರೆ ಇಷ್ಟು ಜನ ಕೊಳ್ಳುವವರಿದ್ದಾರೆ, ಆದ್ದರಿಂದ ಸಾಮಾನ್ಯ ಸ್ಪರ್ಧಿಗೂ ಇದು ಸಿಗುತ್ತದೆ ಎಂಬುದೇ ಆ ಊಹೆ. ನೋವಾ ವಿಷಯದಲ್ಲಿ ಅದು ನಿಜವಾಯಿತು, ಝಡ್‌ಎಲ್-1 ವಿಷಯದಲ್ಲಿ ಸುಳ್ಳಾಯಿತು. ಒಬ್ಬನೇ ಡೀಲರ್ ಒಂದೇ ಆರ್ಡರಿನಲ್ಲಿ ಪೂರ್ತಿ ಸಂಖ್ಯೆಯನ್ನು ತುಂಬಿಸಿಬಿಟ್ಟಾಗ, ಆ ಸಂಖ್ಯೆ ಬೇಡಿಕೆಗೆ ಸಾಕ್ಷಿಯಾಗಿ ಉಳಿಯುವುದಿಲ್ಲ. ಅದು ಆ ಡೀಲರಿನ ಧೈರ್ಯಕ್ಕೆ ಮತ್ತು ಅವನ ಸಾಲದ ಹೊರೆಗೆ ಮಾತ್ರ ಸಾಕ್ಷಿ. ಸಂಸ್ಥೆಗೆ ಪುರಾವೆ ಬೇಕಿತ್ತು, ಕಂಪನಿಗೆ ತನ್ನದೇ ಆದೇಶದಿಂದ ನುಣುಚಿಕೊಳ್ಳುವ ದಾರಿ ಬೇಕಿತ್ತು. ಎರಡರ ಖರ್ಚನ್ನೂ ಹೊತ್ತದ್ದು ಇಲಿನಾಯ್‌ನ ಸಣ್ಣ ಊರಿನ ಒಂದು ಕುಟುಂಬದ ವ್ಯಾಪಾರ. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಗಿಬ್ ನಿಯಮ ಮುರಿದವರಲ್ಲ, ನಿಯಮವನ್ನು ಎಲ್ಲರಿಗಿಂತ ಪ್ರಾಮಾಣಿಕವಾಗಿ ಪಾಲಿಸಿದವರು, ಮತ್ತು ಪೆಟ್ಟು ತಿಂದವರೂ ಅವರೇ.

ಅದೇ ವರ್ಷ ಯುರೋಪಿನಲ್ಲಿ ಇಂಥದೇ ಒಂದು ಲೆಕ್ಕ ನಡೆದಿತ್ತು. ಅಲ್ಲಿನ ನಿಯಮದ ಪ್ರಕಾರ 5 ಲೀಟರಿನವರೆಗಿನ ಸ್ಪೋರ್ಟ್ಸ್ ಕಾರುಗಳಿಗೆ ಕನಿಷ್ಠ 25 ತಯಾರಾಗಿರಬೇಕಿತ್ತು. ಪೋರ್ಷೆ ತನ್ನ 917 ಕಾರನ್ನು ಮೊದಲು ತೋರಿಸಿದಾಗ ಪೂರ್ತಿಯಾಗಿ ಜೋಡಣೆಯಾದ ಕಾರುಗಳು ಕೆಲವೇ ಇದ್ದವು, ಮಿಕ್ಕವು ಬಿಡಿಭಾಗಗಳ ರೂಪದಲ್ಲಿದ್ದವು, ತಪಾಸಕರು ಒಪ್ಪಲಿಲ್ಲ. 1969ರ ಏಪ್ರಿಲ್‌ನಲ್ಲಿ ಕಂಪನಿ ತನ್ನ ಅಂಗಳದಲ್ಲಿ 25 ಕಾರುಗಳನ್ನು ಸಾಲಾಗಿ ನಿಲ್ಲಿಸಿದ ಮೇಲೆಯೇ ಅನುಮತಿ ಸಿಕ್ಕಿತು. ಅಲ್ಲಿಯೂ ಎಣಿಸಿದ್ದು ಕಾರುಗಳನ್ನೇ, ಕೊಳ್ಳುವವರನ್ನಲ್ಲ. ಒಂದು ವ್ಯತ್ಯಾಸ ಮಾತ್ರ ಗಮನಾರ್ಹ: ಪೋರ್ಷೆ ಪ್ರಕರಣದಲ್ಲಿ ಸಾಬೀತು ಮಾಡುವ ಹೊಣೆಯೂ ಅದರ ಖರ್ಚೂ ತಯಾರಕನ ಮೇಲೆ ನಿಂತವು. ಲಾಭ ಪಡೆಯುವವರೇ ಪುರಾವೆಯ ಭಾರ ಹೊರಬೇಕೆಂಬ ತತ್ತ್ವ ಅಲ್ಲಿ ಉಳಿಯಿತು.

ಇನ್ನು ಅಶ್ವಶಕ್ತಿಯ ಪ್ರಶ್ನೆ. ಸಂಖ್ಯೆಯ ನಿಯಮ ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ, ಹೇಳಲೂ ಆಗುವುದಿಲ್ಲ. ಫೋರ್ಡ್ 428 ಕೋಬ್ರಾ ಜೆಟ್ ಮಸ್ಟಾಂಗ್ ಇದಕ್ಕೆ ಅತ್ಯುತ್ತಮ ಉದಾಹರಣೆ. ಅದರ ಮೊದಲ 50 ಕಾರುಗಳನ್ನು 1968ರ ಪೊಮೋನಾ ಚಳಿಗಾಲದ ಸ್ಪರ್ಧೆಗೆ ಸರಿಯಾಗಿ ತಯಾರಿಸಲಾಗಿತ್ತು. ಅಲ್ಲಿ ಆಲ್ ಜೋನಿಯೆಕ್ ಸೂಪರ್ ಸ್ಟಾಕ್ ವಿಭಾಗವನ್ನು ಗೆದ್ದರು. ಫೋರ್ಡ್ ಘೋಷಿಸಿದ್ದು 335 ಅಶ್ವಶಕ್ತಿ, ಆ ಕಾರುಗಳು ಓಡಿದ ಓಟಕ್ಕೆ ಆ ಅಂಕಿ ಯಾವ ರೀತಿಯಲ್ಲೂ ಹೊಂದುತ್ತಿರಲಿಲ್ಲ. ಕೋಬ್ರಾ ಜೆಟ್ ಆಮೇಲೆ ಸಾಮಾನ್ಯ ಗ್ರಾಹಕರಿಗೂ ಸುಲಭವಾಗಿ ಸಿಕ್ಕಿತು. ಆದ್ದರಿಂದ ‘ಸಿಗುತ್ತದೆಯೇ’ ಎಂಬ ಪರೀಕ್ಷೆಯಲ್ಲಿ ಅದು ಝಡ್‌ಎಲ್-1ಗಿಂತ ಮೇಲು, ‘ಹೇಳಿದ ಅಂಕಿ ನಿಜವೇ’ ಎಂಬ ಪರೀಕ್ಷೆಯಲ್ಲಿ ಎರಡೂ ಒಂದೇ. ಎನ್‌ಎಚ್‌ಆರ್‌ಎ ಕಂಪನಿಯ ಅಂಕಿಯನ್ನು ಬದಿಗಿಟ್ಟು ತಾನೇ ಅಶ್ವಶಕ್ತಿಯನ್ನು ಗೊತ್ತುಪಡಿಸುವ ಹಕ್ಕನ್ನು ಬಳಸತೊಡಗಿದ್ದು ಇಂಥ ಪ್ರಕರಣಗಳಿಂದಲೇ. ಇಂದು ಅದು ಸ್ವಯಂಚಾಲಿತ ಪದ್ಧತಿಯಾಗಿದೆ: ಒಂದು ಎಂಜಿನ್ನಿನ ಕಾರು ತನ್ನ ವರ್ಗಕ್ಕೆ ನಿಗದಿಯಾದ ಸಮಯಕ್ಕಿಂತ ಮಿತಿ ಮೀರಿ ವೇಗವಾಗಿ ಓಡಿದರೆ, ಆ ಎಂಜಿನ್ನಿನ ಹೆಸರಿನ ಮುಂದಿರುವ ಅಶ್ವಶಕ್ತಿ ಏರುತ್ತದೆ. ಕಾಗದದ ಅಂಕಿಯನ್ನು ಓಟದ ಫಲಿತಾಂಶದಿಂದ ತಿದ್ದುವ ಈ ಕ್ರಮವನ್ನು ಅನೇಕ ಸ್ಪರ್ಧಿಗಳು ಇಷ್ಟಪಡುವುದಿಲ್ಲ. ಚೆನ್ನಾಗಿ ಕೆಲಸ ಮಾಡಿದವನಿಗೆ ದಂಡ ಹಾಕಿದಂತಾಗುತ್ತದೆ ಎಂಬುದು ಅವರ ದೂರು. ಆ ದೂರಿನಲ್ಲಿ ಸತ್ಯವಿದೆ. ಆದರೂ 430ಕ್ಕೂ 500ಕ್ಕೂ ನಡುವಿನ ಅಂತರವನ್ನು ಬಯಲಿಗೆಳೆಯಲು ಇದಕ್ಕಿಂತ ಉತ್ತಮ ಸಾಧನ ಇದುವರೆಗೆ ಸಿಕ್ಕಿಲ್ಲ.

ಆಮೇಲೆ

1970ರಲ್ಲಿ ಎನ್‌ಎಚ್‌ಆರ್‌ಎ ಪ್ರೊ ಸ್ಟಾಕ್ ಎಂಬ ಹೊಸ ವಿಭಾಗವನ್ನು ಆರಂಭಿಸಿತು, ಅದರ ಮೊದಲ ಸ್ಪರ್ಧೆಯನ್ನು ಬಿಲ್ ಜೆಂಕಿನ್ಸ್ ಕ್ಯಾಮರೋದಲ್ಲೇ ಗೆದ್ದರು. ಅಲ್ಲಿ ಎಂಜಿನ್ನನ್ನು ಮಾರ್ಪಡಿಸಲು ಸ್ಟಾಕ್ ವರ್ಗಕ್ಕಿಂತ ಎಷ್ಟೋ ಹೆಚ್ಚಿನ ಸ್ವಾತಂತ್ರ್ಯವಿದ್ದುದರಿಂದ, ಕಂಪನಿಗಳ ಹಣ, ಹೆಸರು ಎರಡೂ ಆ ಕಡೆಗೆ ಹರಿದವು. ಐವತ್ತು ಕಾರುಗಳನ್ನು ಯಾರದೋ ಅಂಗಳದಲ್ಲಿ ತಂದು ನಿಲ್ಲಿಸುವ ಅಗತ್ಯ ಹಲವು ದಶಕಗಳ ಕಾಲ ಯಾರಿಗೂ ಬೀಳಲಿಲ್ಲ.

ಫೋರ್ಡ್ 2008ರಲ್ಲಿ ಕೋಬ್ರಾ ಜೆಟ್ ಹೆಸರಿನಲ್ಲಿ 50 ಮಸ್ಟಾಂಗ್‌ಗಳನ್ನು ಡ್ರ್ಯಾಗ್ ರೇಸಿಗೆಂದೇ ತಯಾರಿಸಿದಾಗ ಹಳೆಯ ಪ್ರಶ್ನೆಗಳು ಮತ್ತೆ ಎದ್ದವು. ಡಾಜ್ ಚಾಲೆಂಜರ್ ಡ್ರ್ಯಾಗ್ ಪ್ಯಾಕ್ ಬಂತು. 2012ರಲ್ಲಿ ಷೆವ್ರೊಲೆ ಕೋಪೋ ಕ್ಯಾಮರೋವನ್ನು ಮರಳಿ ತಂದು, 1969ರ ನೆನಪಿಗೆ ಸರಿಯಾಗಿ 69 ಕಾರುಗಳನ್ನಷ್ಟೇ ತಯಾರಿಸಿತು. ಈ ಬಾರಿ ಕೊಳ್ಳುವವರ ಕೊರತೆ ಇರಲಿಲ್ಲ. ಅರ್ಜಿ ಹಾಕಿದವರ ಸಂಖ್ಯೆ ಮೀರಿದ್ದರಿಂದ ಲಾಟರಿ ಎತ್ತಿ ಹಂಚಬೇಕಾಯಿತು. ಗಿಬ್ ಅವರ ಅಂಗಳದಲ್ಲಿ ಸೋತ ‘ಬೇಡಿಕೆ ಇದೆಯೇ’ ಎಂಬ ಪರೀಕ್ಷೆಯಲ್ಲಿ ಹೊಸ ಕಾರುಗಳು ಹೀಗೆ ಗೆದ್ದವು, ಆದರೆ ಝಡ್‌ಎಲ್-1 ಸುಲಭವಾಗಿ ದಾಟಿದ್ದ ‘ರಸ್ತೆಗೆ ಇಳಿಯಬಹುದೇ’ ಎಂಬ ಪರೀಕ್ಷೆಯಲ್ಲಿ ಸೋತವು: ಇವು ರಸ್ತೆಗೆ ನೋಂದಾಯಿಸಲಾಗದ, ಕಾರ್ಖಾನೆಯಿಂದಲೇ ರೇಸಿಗೆ ಸಿದ್ಧವಾಗಿ ಬರುವ ಕಾರುಗಳು. ತಂದೆಯ ಕಾಲದ ಕಾರನ್ನು ತಾನೇ ಸರಿಪಡಿಸಿಕೊಂಡು ಸ್ಟಾಕ್ ವರ್ಗದಲ್ಲಿ ಓಡಿಸುವವನು ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಸಾಧನ) ಹೊತ್ತ ಈ ಯಂತ್ರಗಳ ಪಕ್ಕದಲ್ಲಿ ನಿಲ್ಲಬೇಕಾದಾಗ ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆಯನ್ನೇ. ಸಂಸ್ಥೆ ಕ್ರಮೇಣ ಇಂಥ ಕಾರುಗಳಿಗೆ ಫ್ಯಾಕ್ಟರಿ ಸ್ಟಾಕ್ ಎಂಬ ಪ್ರತ್ಯೇಕ ವರ್ಗಗಳನ್ನು ಮಾಡಿಕೊಟ್ಟಿತು, ಅವುಗಳ ನಡುವೆಯೇ ನಡೆಯುವ ವಿಶೇಷ ಸ್ಪರ್ಧೆಗಳನ್ನೂ ಏರ್ಪಡಿಸಿತು. ಅದರಿಂದ ಹಳೆಯ ಕಾರಿನವನ ಮೇಲಿನ ಒತ್ತಡ ಇಳಿಯಿತು. ಹೊಸ ವರ್ಗಗಳ ಒಳಗೆ ಫೋರ್ಡ್, ಷೆವ್ರೊಲೆ, ಡಾಜ್ ಪಕ್ಷಗಳು ಈಗ ವಾದಿಸುವುದು ಕಾರುಗಳ ಸಂಖ್ಯೆಯ ಬಗ್ಗೆ ಅಲ್ಲ. ಯಾವ ಎಂಜಿನ್ನಿಗೆ ಎಷ್ಟು ತೂಕ ಹೊರಿಸಬೇಕು, ಯಾವ ಸೂಪರ್‌ಚಾರ್ಜರಿಗೆ ಅನುಮತಿ ಕೊಡಬೇಕು ಎಂಬ ಬಗ್ಗೆ.